ಅತ್ತಿಗೆ ಲಾಗೌಟ್ ಆದ ದಿನ

ನಮ್ಮ ಅತ್ತಿಗೆಗೆ ಎಡಗಣ್ಣು ಕಾಣುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸದಾಗಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಮಾತಾಡುವಾಗ ತಲೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ ಬಲಗಣ್ಣನ್ನು ಮುಂದಕ್ಕೆ ತರುತ್ತಾರೆ. ಎದುರಿಗಿದ್ದವರಿಗೆ, ಈಕೆ ನಮ್ಮ ಮಾತನ್ನು ನಂಬುತ್ತಿಲ್ಲವೇನೋ ಅನ್ನಿಸುತ್ತದೆ. ನಮ್ಮ ರಟ್ಟಿನ ಪೆಟ್ಟಿಗೆಯ ಗಿರಾಕಿಗಳು ಅವರ ಮುಂದೆ ಸುಳ್ಳು ಹೇಳಲು ಹಿಂದೆಮುಂದೆ ನೋಡುವುದಕ್ಕೆ ಅದೇ ಕಾರಣ.

ಆ ಕಣ್ಣು ಹೋದದ್ದು ನೂಲಿನ ಮಿಲ್ಲಿನಲ್ಲಿ. ನಮ್ಮ ಮನೆಯವರೆಲ್ಲ ಮಿಲ್ಲಿನವರು. ಅಪ್ಪ, ಅಣ್ಣ, ಮದುವೆಯಾಗಿ ಬಂದ ಅತ್ತಿಗೆ, ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದ ಮೇಲೆ ನಾನು. ನೂಲು ಸುತ್ತುವ ವಿಭಾಗದಲ್ಲಿ ಒಂದು ಮರದ ಉರುಳೆ ಸೀಳಿ ಅದರ ಚೂರು ಹಾರಿತು. ಬೇರೆಯವರಾಗಿದ್ದರೆ ಅದನ್ನೇ ಜೀವಮಾನವೆಲ್ಲ ಹೇಳಿಕೊಂಡು ಕೂರುತ್ತಿದ್ದರು. ಅತ್ತಿಗೆ ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡಿಕೊಂಡು, "ಹೋಗ್ಲಿ ಬಿಡಿ, ಸೂಜಿಗೆ ದಾರ ಪೋಣಿಸುವಾಗ ಹೇಗೂ ಒಂದು ಕಣ್ಣು ಮುಚ್ತಿದ್ದೆ" ಅಂದರು.

ಅಮ್ಮನಿಲ್ಲದ ಮನೆಗೆ ಅವರು ಬಂದಾಗ ನಾನಿನ್ನೂ ಚಡ್ಡಿಯ ಹುಡುಗ. ಬಂದ ವಾರದಲ್ಲೇ ನಾನು ಯಾವುದೋ ಸಿಟ್ಟಿಗೆ ತಟ್ಟೆ ಎಸೆದೆನಂತೆ. ಅಪ್ಪ ಹೊಡೆಯಲು ಎದ್ದರೆ ಅತ್ತಿಗೆ ಅಡ್ಡ ಬಂದು, "ಇವನು ಹಾಲಿದ್ದಂಗೆ ಮಾವ, ಉಕ್ಕೋದೇ ಅವನ ಗುಣ. ಒಲೆ ಸಣ್ಣ ಮಾಡಿದ್ರೆ ತಾನೇ ಇಳೀತಾನೆ" ಅಂದರಂತೆ. ನನಗೀಗ ತಲೆ ಅರ್ಧ ನರೆತಿದೆ. ಉಕ್ಕುವುದು ನಿಂತಿಲ್ಲ, ಅವರು ಒಲೆ ಸಣ್ಣ ಮಾಡುವುದೂ ನಿಂತಿಲ್ಲ.

ಒಂದು ಬೆಳಗ್ಗೆ ಮಿಲ್ಲಿಗೆ ಹೋದರೆ ಕಬ್ಬಿಣದ ಗೇಟಿಗೆ ಸರಪಳಿ ಬಿದ್ದಿತ್ತು. ಒಂದು ಹಾಳೆ ಅಂಟಿಸಿದ್ದರು. ಓದು ಬರುವವರು ಓದಿ ಹೇಳಿದರು: ಲಾಕೌಟ್. ಸಾವಿರಾರು ಜನ ಊಟದ ಡಬ್ಬಿ ಹಿಡಿದುಕೊಂಡು ಬೀದಿಯಲ್ಲಿ ನಿಂತೆವು. ಒಂದೆರಡು ವಾರ ಅಂದರು, ಆಮೇಲೆ ಮಾತುಕತೆ ಅಂದರು, ಆಮೇಲೆ ಯಾರೂ ಏನೂ ಅನ್ನಲಿಲ್ಲ. ಅಪ್ಪ ಜಗಲಿಯ ಮೇಲೆ ಮಿಲ್ಲಿನ ಕಡೆಗೆ ಮುಖ ಮಾಡಿ ಕುಳಿತವನು ಮತ್ತೆ ಕೆಲಸಕ್ಕೆಂದು ಏಳಲೇ ಇಲ್ಲ. ಕಾಯಿಲೆ ಏನೂ ಇರಲಿಲ್ಲ. ಕೈಗೆ ಕೆಲಸವಿಲ್ಲದೆ ಮನುಷ್ಯ ಒಳಗಿನಿಂದ ಹೇಗೆ ಒಣಗುತ್ತಾನೆ ಎಂಬುದನ್ನು ನಾನು ಆ ಜಗಲಿಯ ಮೇಲೆ ನೋಡಿದ್ದೇನೆ.

ಆಗ ಮನೆಯನ್ನು ಎತ್ತಿ ನಿಲ್ಲಿಸಿದವರು ಅತ್ತಿಗೆ. ಚಪ್ಪಲಿ ಅಂಗಡಿಯವನ ಹತ್ತಿರ ರಟ್ಟು ತಂದು, ನಡುಮನೆಯಲ್ಲಿ ಅಂಟು ಕಲಸಿ, ಪೆಟ್ಟಿಗೆ ಮಾಡಲು ಕುಳಿತರು. ಅಳತೆಗೆ ಗುರುತು ಹಾಕುವುದು ಅವರು, ಕತ್ತರಿಸುವುದು ನಾನು, ಸೈಕಲ್ಲಿನ ಹಿಂದೆ ಗೋಪುರದಂತೆ ಕಟ್ಟಿಕೊಂಡು ಅಂಗಡಿಗಳಿಗೆ ಮುಟ್ಟಿಸುವುದು ಅಣ್ಣ. ಮೊದಲ ಪೆಟ್ಟಿಗೆಗಳು ಹೇಗಿದ್ದವೆಂದರೆ, ಎಡಗಾಲಿನ ಚಪ್ಪಲಿ ಹಿಡಿಸಿದರೆ ಬಲಗಾಲಿನದು ಹೊರಗೆ. ಕಲಿತೆವು. ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಗಲ್ಲಿಯ ಕೊನೆಯ ತಗಡಿನ ಶೆಡ್ಡಿಗೆ ಬಂದೆವು. ಅಣ್ಣ ಎದೆಯ ಕಾಯಿಲೆಯಲ್ಲಿ ತೀರಿಕೊಂಡ. ಶೆಡ್ಡು ಉಳಿಯಿತು, ಅತ್ತಿಗೆ ಉಳಿದರು, ನಾನು ಉಳಿದೆ. ನನ್ನನ್ನು ಕಟ್ಟಿಕೊಂಡು ನನ್ನ ಹೆಂಡತಿಯೂ ಅಂಟಿನ ಬಕೆಟ್ಟಿನ ಮುಂದೆ ಕುಳಿತಳು.

ನಮ್ಮ ಶೆಡ್ಡಿನಲ್ಲಿ ಆ ಲಾಕೌಟ್ ಅನ್ನುವ ಪದವನ್ನು ಯಾರೂ ಬಾಯಿಗೆ ತರುವುದಿಲ್ಲ. ಸಂಜೆಗೆ "ಮುಚ್ಚು" ಎಂದು ಕೂಡ ಹೇಳುವುದಿಲ್ಲ, "ಬಾಗಿಲು ಮುಂದೆ ಮಾಡು" ಅನ್ನುತ್ತೇವೆ. ಬಾಯಿ ತಪ್ಪಿ ಯಾರಾದರೂ ಅಂದರೆ ನನಗೆ ನೆತ್ತಿಗೇರುತ್ತದೆ.

ಕಾಲ ಬದಲಾಯಿತು. ಗಿರಾಕಿಗಳು ಬರೀ ಚೌಕದ ಪೆಟ್ಟಿಗೆ ಸಾಲದು ಅಂದರು. ಒಬ್ಬನಿಗೆ ಹಿಡಿಕೆ ಬೇಕು, ಇನ್ನೊಬ್ಬನಿಗೆ ಒಳಗಿನದು ಕಾಣುವ ಕಿಟಕಿ ಬೇಕು. ಇದನ್ನೆಲ್ಲ ಕೈಯಲ್ಲಿ ಬರೆಯುವುದು ಆಗದ ಮಾತು. ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿಯವಳು ಹಳೆಯದೊಂದು ಕಂಪ್ಯೂಟರ್ ತಂದು ಕೊಟ್ಟಳು. ಅವಳನ್ನು ಇಡೀ ಬೀದಿ ರಿಪೇರಿಯಮ್ಮ ಎಂದೇ ಕರೆಯುತ್ತದೆ. ಮೂವತ್ತು ದಾಟಿದ ಹೆಂಗಸು, ಸ್ಕೂಟರಿನ ಸೀಟಿನ ಕೆಳಗೆ ಅವಳ ಇಡೀ ಅಂಗಡಿ. ಕಂಪ್ಯೂಟರನ್ನು ನಡೆಸಲು ಅದರೊಳಗೆ ಅವಳು ಲಿನಕ್ಸ್ ಅನ್ನುವ ತಂತ್ರಾಂಶ ಹಾಕಿದ್ದಳು. ಅದು ಯಾರೊಬ್ಬರ ಸೊತ್ತೂ ಅಲ್ಲವಂತೆ. ಯಾರು ಬೇಕಾದರೂ ತೆಗೆದುಕೊಂಡು, ಬೇಕಾದಂತೆ ತಿದ್ದಿ, ಇನ್ನೊಬ್ಬರಿಗೆ ಕೊಡಬಹುದಂತೆ. "ಬಾವಿ ನೀರಿದ್ದಂಗೆ ಅನ್ನು" ಅಂದರು ಅತ್ತಿಗೆ. ಅವಳು ಹೌದು ಅಂದಳು.

ನಾನು ಆ ಯಂತ್ರದ ಮುಂದೆ ಕೂರಲೇ ಇಲ್ಲ. ಅದು ನಿಧಾನಿ, ನಾನು ಅವಸರದವನು, ಇಬ್ಬರಿಗೂ ಆಗಿಬರುವುದಿಲ್ಲ. ಕಲಿತವರು ಅತ್ತಿಗೆ, ಐವತ್ತು ದಾಟಿದ ಮೇಲೆ. ಮೊದಮೊದಲು ಅವರು ತಮ್ಮ ಹಳೆಯ ಮರದ ಅಳತೆ ಪಟ್ಟಿಯನ್ನು ತೆಗೆದುಕೊಂಡು ಹೋಗಿ ಪರದೆಯ ಮೇಲೇ ಇಟ್ಟು ಅಳೆಯುತ್ತಿದ್ದರು. ಚಿತ್ರವನ್ನು ದೊಡ್ಡದು ಮಾಡಿದರೆ ಅಳತೆ ಹೆಚ್ಚುತ್ತಿತ್ತು, ಚಿಕ್ಕದು ಮಾಡಿದರೆ ಕುಗ್ಗುತ್ತಿತ್ತು. "ನೋಡೋ, ಈ ಪೆಟ್ಟಿಗೆ ಬೆಳಗ್ಗೆ ಇದ್ದಷ್ಟಿಲ್ಲ ಈಗ" ಎಂದು ನನ್ನನ್ನು ಕರೆದು ತೋರಿಸಿದ್ದರು. ನಾನೂ ಗಂಭೀರವಾಗಿ ನೋಡಿ, ಬಿಸಿಲಿಗೆ ಇರಬೇಕು ಅಂದಿದ್ದೆ.

ಆಮೇಲೆ ಅವರಿಗೂ ಆ ಪರದೆಗೂ ಹೊಂದಿಕೆಯಾಯಿತು. ಕೆಳಗೆ ಒಂದು ಪಟ್ಟಿ, ಎಡಮೂಲೆಯಲ್ಲಿ ಒತ್ತಿದರೆ ತೆರೆಯುವ ಮೆನು, ಮೇಲೆ ನಾಲ್ಕು ದಪ್ಪ ಚಿತ್ರಗಳು, ಎಲ್ಲಕ್ಕೂ ಕನ್ನಡದಲ್ಲಿ ದೊಡ್ಡ ಅಕ್ಷರ. ರಿಪೇರಿಯಮ್ಮನೇ ಹಾಗೆ ಮಾಡಿಕೊಟ್ಟಿದ್ದಳು. ಅತ್ತಿಗೆ ನೋಡಿ ಕೆಲಸ ಮಾಡುತ್ತಿದ್ದರು ಅನ್ನುವುದಕ್ಕಿಂತ ಕೈಯ ಅಂದಾಜಿನಲ್ಲಿ ಮಾಡುತ್ತಿದ್ದರು ಅನ್ನಬೇಕು. "ಅಡುಗೆಮನೇಲಿ ಉಪ್ಪಿನ ಡಬ್ಬಿನ ಕಣ್ಣು ಹುಡುಕುತ್ತಾ? ಕೈಗೇ ಗೊತ್ತಿರುತ್ತೆ" ಅನ್ನುತ್ತಿದ್ದರು. ಇದ್ದ ಒಂದು ಕಣ್ಣಿಗೂ ಪೊರೆ ಬಂದು, ಅದನ್ನು ತೆಗೆಸಿ, ಸಂಜೆಯಾದರೆ ನೀರು ಸುರಿಯುತ್ತಿದ್ದರೂ ಅವರ ಕೆಲಸ ನಿಲ್ಲದಿದ್ದದ್ದು ಈ ಕೈಯ ಗುಣದಿಂದ.

ಈಚೆಗೆ ನಾವು ರಟ್ಟು ಕತ್ತರಿಸುವ ಯಂತ್ರ ತಂದೆವು. ಪರದೆಯ ಮೇಲೆ ಗೆರೆ ಎಳೆದರೆ ಅದೇ ಗೆರೆಯ ಮೇಲೆ ಯಂತ್ರದ ಬ್ಲೇಡು ಓಡುತ್ತದೆ. ಅದನ್ನು ಓಡಿಸಲು ಹಳೆಯ ಲಿನಕ್ಸ್ ಸಾಲದು, ಹೊಸದನ್ನು ಹಾಕಬೇಕು ಎಂದಳು ರಿಪೇರಿಯಮ್ಮ. ಹಾಕುವಾಗ ನನ್ನನ್ನು ಕೇಳಿದಳು.

"ಅಣ್ಣಾ, ಪಾಸ್‌ವರ್ಡ್ ಏನಿಡ್ಲಿ?"

"ಬೇಡ."

"ಏನಾದ್ರೂ ಒಂದು ಇಡಲೇಬೇಕಣ್ಣ."

"ಬೇಡ ಅಂದ್ರೆ ಬೇಡ! ನನ್ನ ಅಂಗಡಿ ಬಾಗಿಲಲ್ಲಿ ನಿಂತು ನಾನ್ಯಾರು ಅಂತ ದಿನಾ ನಾನೇ ಹೇಳ್ಕೋಬೇಕಾ?"

"ಆಯ್ತು, ಕೂಗ್ಬೇಡಿ. ಇನ್ನು ಅದು ಏನೂ ಕೇಳಲ್ಲ. ಸ್ವಿಚ್ ಹಾಕಿದ್ರೆ ನೇರವಾಗಿ ಒಳಗೆ ಬಿಡುತ್ತೆ" ಎಂದು ಟಕಟಕ ಏನೋ ಒತ್ತಿ ಮುಗಿಸಿದಳು.

ಮಾರನೆಯ ದಿನ ಅತ್ತಿಗೆ ಸ್ವಿಚ್ ಹಾಕಿದರೆ ಪರದೆಯ ಮುಖವೇ ಬೇರೆ. ಕೆಳಗಿನ ಪಟ್ಟಿ ಇಲ್ಲ. ಎಡಮೂಲೆಯ ಮೆನು ಇಲ್ಲ. ಮೇಲೆ ಒಂದು ತೆಳ್ಳನೆಯ ಕಪ್ಪು ಪಟ್ಟಿ, ಅದರಲ್ಲಿ ಇರುವೆಯ ಕಾಲಿನಂಥ ಅಕ್ಷರ. ಮೌಸ್ ಒಂದಿಷ್ಟು ಮೂಲೆಗೆ ತಗಲಿದರೆ ಸಾಕು, ಪರದೆಯಲ್ಲಿ ತೆರೆದಿಟ್ಟ ಕಿಟಕಿಗಳೆಲ್ಲ ಹೆದರಿದ ಪಾರಿವಾಳಗಳ ಹಾಗೆ ಪಟಪಟನೆ ಚದುರಿ, ಚಿಕ್ಕದಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಎರಡು ಕಣ್ಣಿರುವ ಚುರುಕಿನವರಿಗೆ ಅದು ಚೆಂದವೇ ಇರಬಹುದು. ಅದಕ್ಕೇನೋ ಹೆಸರಿದೆ, ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ.

ಅತ್ತಿಗೆ ಯಾರಿಗೂ ಏನೂ ಹೇಳಲಿಲ್ಲ. ಹೊಸ ಸೊಸೆ ಬಂದ ಮನೆಯಲ್ಲಿ ಪಾತ್ರೆ ಜಾಗ ಬದಲಾದರೆ ಹಿರಿಯರು ಸುಮ್ಮನೆ ಹುಡುಕಿಕೊಳ್ಳುವುದಿಲ್ಲವೇ, ಹಾಗೆ ಹುಡುಕಿಕೊಂಡು ಕೆಲಸ ಮಾಡಿದರು. ಮೂಗು ಪರದೆಗೆ ತಾಗುವಷ್ಟು ಬಗ್ಗಿರುತ್ತಿದ್ದರು. ಕರವಸ್ತ್ರ ಯಾವಾಗಲೂ ಕೈಯಲ್ಲೇ.

ಆಮೇಲೆ ಬೇಕರಿಯವನ ಕೇಕಿನ ಪೆಟ್ಟಿಗೆಯ ಕೆಲಸ ಬಂತು. ಮುಚ್ಚಳದ್ದು ಒಂದು ಚಿತ್ರ, ತಳದ್ದು ಇನ್ನೊಂದು ಚಿತ್ರ, ಎರಡನ್ನೂ ತೆರೆದಿಟ್ಟುಕೊಂಡಿದ್ದರು. ಮುಚ್ಚಳ ಯಾವಾಗಲೂ ತಳಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು, ಅದು ನಮ್ಮ ಕಸುಬಿನ ಮೊದಲ ಪಾಠ. ನಡುವೆ ಮೌಸ್ ಮೂಲೆಗೆ ಹೋಗಿ ಕಿಟಕಿಗಳು ಹಾರಿದವು. ಮುಚ್ಚಳ ಎಂದುಕೊಂಡು ಅತ್ತಿಗೆ ತಳವನ್ನೇ ದೊಡ್ಡದು ಮಾಡಿದರು. ನಾನು ನೋಡದೆ ರಟ್ಟಿನ ಇಡೀ ಕಟ್ಟನ್ನು ಯಂತ್ರಕ್ಕೆ ಕೊಟ್ಟೆ. ಬೇಕರಿಯವನು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ.

"ಏನಮ್ಮಾ, ನಿಮ್ಮ ಮುಚ್ಚಳಕ್ಕೂ ತಳಕ್ಕೂ ಜಗಳ ಆಗಿದ್ಯಾ? ಒಂದರ ಮುಖ ಒಂದು ನೋಡ್ತಿಲ್ಲ."

ಅವನು ನಗುತ್ತಲೇ ಹೇಳಿದ. ಅತ್ತಿಗೆ ಪೆಟ್ಟಿಗೆಯನ್ನು ತೆಗೆದುಕೊಂಡು ಬೆರಳಿನಲ್ಲಿ ಅಂಚು ಸವರಿದರು. ಅಷ್ಟಕ್ಕೇ ಅವರಿಗೆ ಎಲ್ಲ ತಿಳಿಯಿತು. ಅವನು ಹೋದ ಮೇಲೆ ಕನ್ನಡಕ ತೆಗೆದು ಮಡಚಿದರು.

"ಕಣ್ಣಿರೋರು ಯಾರನ್ನಾದ್ರೂ ಇಟ್ಕೋ ಮರಿ. ನಾನು ಮನೇಲಿ ಅಂಟು ಹಚ್ಚಿಕೊಂಡು ಇರ್ತೀನಿ."

"ಒಂದು ಕಟ್ಟು ರಟ್ಟು ಹೋದ್ರೆ ಲೋಕ ಮುಳುಗಿಹೋಗುತ್ತಾ ಅತ್ತಿಗೆ?"

"ಲೋಕ ಯಾಕೆ ಮುಳುಗುತ್ತೆ? ಮುಳುಗ್ತಿರೋಳು ನಾನು. ನಾಳೆ ಇನ್ನೊಂದು ಕಟ್ಟು ಹೋಗುತ್ತೆ, ನಾಡಿದ್ದು ಗಿರಾಕಿ ಹೋಗ್ತಾನೆ. ಬೇಡ ಕಣೋ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಜಗಲಿಯ ಮೇಲೆ ಕುಳಿತ ಅಪ್ಪನ ದನಿಯೂ ಹೀಗೇ ಇತ್ತು. ಈ ಹೆಂಗಸು ಮನೆಯಲ್ಲಿ ಕುಳಿತರೆ ಏಳುವುದಿಲ್ಲ ಎಂಬುದು ನನಗೆ ಬೆಳಕಿನಷ್ಟು ಸ್ಪಷ್ಟವಾಯಿತು.

ಹೆದರಿಕೆಯಾದಾಗ ನನಗೆ ಗೊತ್ತಿರುವುದು ಒಂದೇ ದಾರಿ. ಬೀದಿಗೆ ಬಂದು ರಿಪೇರಿಯಮ್ಮನಿಗೆ ಫೋನ್ ಹಚ್ಚಿದೆ.

"ಏನಮ್ಮಾ, ಎಂಥಾ ದರಿದ್ರ ತಂದು ಹಾಕಿದ್ದೀಯಾ ನಮ್ಮ ಕಂಪ್ಯೂಟರಿಗೆ! ನಮ್ಮತ್ತಿಗೆ ಕೆಲಸ ಬಿಡ್ತೀನಿ ಅಂತ ಕೂತವ್ರೆ!"

"ಅಣ್ಣಾ, ಗಾಡಿ ಮೇಲಿದ್ದೀನಿ, ಸ್ವಲ್ಪ ಮೆಲ್ಲಗೆ. ಅಮ್ಮನಿಗೆ ಹೊಸ ಡೆಸ್ಕ್‌ಟಾಪ್ ಒಗ್ಗಲಿಲ್ವಾ? ಹಳೇದೂ ಒಳಗೇ ಹಾಕಿಟ್ಟಿದ್ದೀನಿ, ಬೇಕಾಗಬಹುದು ಅಂತ. ಲಾಗೌಟ್ ಮಾಡಿ ಸಾಕು."

ಅವಳ ಸುತ್ತ ಲಾರಿಗಳ ಹಾರನ್ ಸದ್ದು. ನನ್ನ ಕಿವಿಗೆ ಬಿದ್ದದ್ದು ಒಂದೇ ಪದ.

"ಏನಂದೆ?"

"ಲಾಗೌಟ್ ಅಣ್ಣಾ, ಲಾಗೌಟ್! ಒಂದು ಸಲ ಮಾಡ್ಬಿಡಿ, ಎಲ್ಲಾ ಸರಿಹೋಗುತ್ತೆ!"

"ನನ್ನ ಅಂಗಡೀನಾ? ಹೋಗಿ ನಿಮ್ಮಪ್ಪನ ಮನೆ ಲಾಕೌಟ್ ಮಾಡ್ಕೋ ಹೋಗು!" ಎಂದು ಕೂಗಿ ಫೋನ್ ಕತ್ತರಿಸಿದೆ. ಎದುರಿನ ಮಗ್ಗದ ಮನೆಯವರು ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು.

ಒಳಗೆ ಬಂದು ನಾನೇ ಆ ಕಂಪ್ಯೂಟರಿಗೆ ಬುದ್ಧಿ ಕಲಿಸಲು ನಿಂತೆ. ಆರಿಸಿದೆ, ಹತ್ತಿಸಿದೆ. ಮತ್ತೆ ಅದೇ ಮುಖ. ವಯರನ್ನೇ ಕಿತ್ತು, ಉಸಿರಾಡಲು ಬಿಟ್ಟು, ಮತ್ತೆ ಚುಚ್ಚಿದೆ. ಅದು ಏನೂ ಕೇಳದೆ, ನನ್ನ ಆಜ್ಞೆಯಂತೆಯೇ, ನೇರವಾಗಿ ಒಳಗೆ ಬಿಟ್ಟಿತು, ಅದೇ ಹೊಸ ಮುಖದ ಮುಂದೆ. ಹೆಂಡತಿ ಅಂಟಿನ ಬಕೆಟ್ಟಿನಿಂದ ತಲೆಯೆತ್ತಿ, "ಅದಕ್ಕೆ ಹೊಡೆದ್ರೆ ಅಳೋದೂ ಇಲ್ಲ, ಸುಮ್ನಿರಿ" ಅಂದಳು.

ಮಾರನೆಯ ಬೆಳಗ್ಗೆ ಅತ್ತಿಗೆ ಶೆಡ್ಡಿಗೆ ಬರಲಿಲ್ಲ. ಜ್ವರ ಬಂದರೂ, ಅಣ್ಣ ಹೋದ ತಿಂಗಳಲ್ಲೂ ಬಂದವರು ಬರಲಿಲ್ಲ. ಅವರ ಕುರ್ಚಿ ಖಾಲಿ ಇತ್ತು. ಅದರ ಮೇಲೆ ರಟ್ಟಿನ ಚೂರು ಬಿದ್ದರೆ ನಾನೇ ಎದ್ದು ಹೋಗಿ ಒರೆಸಿದೆ. ಕೆಲಸಕ್ಕೆ ಬೇರೆಯವರನ್ನು ಹುಡುಕಬೇಕೇ ಎಂದು ಹೆಂಡತಿ ಕೇಳಿದಳು. ನಾನು ಆ ಕುರ್ಚಿಯನ್ನು ಮತ್ತೊಮ್ಮೆ ಒರೆಸಿದೆ.

ಆಗ ಬಾಗಿಲಲ್ಲಿ ಸ್ಕೂಟರ್ ನಿಂತಿತು. ರಿಪೇರಿಯಮ್ಮ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಸ್ತಿಲಾಚೆಗೇ ನಿಂತಳು.

"ಅಣ್ಣಾ, ನಮ್ಮಪ್ಪಂದು ಬಾಡಿಗೆ ಮನೆ. ಲಾಕೌಟ್ ಮಾಡ್ಬೇಕಾದ್ರೆ ಓನರ್ನ ಕೇಳ್ಬೇಕಂತೆ. ಕೇಳಿ ಹೇಳ್ತೀನಿ, ಆಗಬಹುದಾ?"

ನನ್ನ ಹೆಂಡತಿ ಅಂಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಆ ಅಂಟನ್ನು ಮೂತಿಯಿಂದ ತೆಗೆಯಲು ಬಹಳ ಹೊತ್ತು ಬೇಕಾಯಿತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಲಾಕ್ ಅಲ್ಲಣ್ಣಾ, ಲಾಗ್. ಬೀಗಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ಒಳಗೆ ಬಂದು ವಿವರಿಸಿದಳು. "ಒಂದೇ ಮಷೀನಿನಲ್ಲಿ ಎರಡು ಡೆಸ್ಕ್‌ಟಾಪ್ ಇವೆ, ಒಂದೇ ಮನೇಲಿ ಎರಡು ಕೋಣೆ ಇದ್ದಂಗೆ. ಯಾವ ಕೋಣೆಗೆ ಹೋಗ್ಬೇಕು ಅಂತ ಕೇಳೋದು ಬಾಗಿಲಲ್ಲಿ. ನೀವು ಬಾಗಿಲಲ್ಲಿ ಏನೂ ಕೇಳಬಾರದು ಅಂದ್ರಲ್ಲ, ಅದಕ್ಕೆ ಅದು ಕೇಳದೇ ಹೊಸ ಕೋಣೆಗೆ ತಳ್ತಿದೆ. ಆರಿಸಿ ಹತ್ತಿಸಿದ್ರೆ ಆಗಲ್ಲ. ಲಾಗೌಟ್ ಮಾಡಿ ಹೊರಗೆ ಬಂದ್ರೇನೇ ಆ ಬಾಗಿಲು ಕಾಣೋದು."

"ಹಂಗಾದ್ರೆ ಮಾಡು, ಇನ್ನೇನು ನೋಡ್ತೀಯಾ?"

"ನಾನು ಮಾಡಲ್ಲ. ಅಮ್ಮನ ಕೈಯಲ್ಲೇ ಆಗಲಿ. ಮತ್ತೆ ಏನಾದ್ರೂ ಬದಲಾದ್ರೆ ನಾನು ಬರೋವರೆಗೂ ಅವರು ಕಾಯಬಾರ್ದು, ನಿಮಗೆ ಫೋನ್ ಮಾಡೋಕೂ ಹೇಳಬಾರ್ದು. ಅಮ್ಮ ಎಲ್ಲಿ?"

ನಾನು ಮನೆಗೆ ಓಡಿದೆ. ಅತ್ತಿಗೆ ಹಿತ್ತಲಿನಲ್ಲಿ ಕಾಲು ಚಾಚಿ ಕುಳಿತು ಸಣ್ಣ ಡಬ್ಬಿಗಳಿಗೆ ಅಂಟು ಹಚ್ಚುತ್ತಿದ್ದರು. ನಾನು ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಏಳಿ ಅತ್ತಿಗೆ, ರಿಪೇರಿಯಮ್ಮ ಬಂದವಳೆ. ನಿಮ್ಮ ಹಳೇ ಪರದೆ ಒಳಗೇ ಇದೆಯಂತೆ."

"ಇದ್ರೆ ಇರ್ಲಿ. ನನ್ನ ಕಣ್ಣು ಒಳಗೆ ಇಲ್ವಲ್ಲ."

"ಕಣ್ಣು ಕಣ್ಣು ಅಂತ ಜೀವ ತಿನ್ಬೇಡಿ! ನನಗೇನು ಕಣ್ಣು ಬೇಕಾಗಿದ್ಯಾ? ನೀವು ಬೇಕು! ಆ ಕುರ್ಚಿ ಹಂಗೆ ಖಾಲಿ ನೋಡ್ಕೊಂಡು ನನ್ನ ಕೈಲಿ ರಟ್ಟು ಕತ್ತರಿಸೋಕಾಗಲ್ಲ, ತಿಳೀತಾ?" ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಕೂಗಿದೆ. ಒಳ್ಳೆಯ ಮಾತನ್ನು ಮೆಲ್ಲಗೆ ಹೇಳುವ ವಿದ್ಯೆ ನನಗೆ ಬಂದಿಲ್ಲ.

ಅತ್ತಿಗೆ ಎದ್ದು ಕೈ ತೊಳೆದುಕೊಂಡರು. "ಬೈದು ಕರೆಯೋನು ನೀನೊಬ್ಬನೇ ಕಣೋ" ಎಂದು ಚಪ್ಪಲಿ ಮೆಟ್ಟಿದರು.

ಕಂಪ್ಯೂಟರಿನ ಮುಂದೆ ಕೂರಿಸಿ ರಿಪೇರಿಯಮ್ಮ ಹೇಳಿಕೊಟ್ಟಳು. ಮೇಲಿನ ಮೂಲೆಯಲ್ಲಿ ಒತ್ತಿದರೆ ಒಂದು ಪಟ್ಟಿ ಬಂತು. ಲಾಗೌಟ್ ಅನ್ನುವುದಕ್ಕೆ ಅದರಲ್ಲಿ 'ನಿರ್ಗಮಿಸು' ಎಂದಿತ್ತು. ಅತ್ತಿಗೆಯ ಕೈ ಮೌಸಿನ ಮೇಲೇ ನಿಂತಿತು.

"ಇದನ್ನ ಒತ್ತಿದ್ರೆ ನಾನು ಬರೆದಿಟ್ಟಿರೋ ಪೆಟ್ಟಿಗೆಗಳೆಲ್ಲಾ?"

"ಎಲ್ಲಾ ಇದ್ದಲ್ಲೇ ಇರುತ್ತಮ್ಮ."

"ಮಿಲ್ಲಿನೋರೂ ಹಂಗೇ ಹೇಳಿದ್ರು, ಒಳಗಿರೋದು ಒಳಗೇ ಇರುತ್ತೆ ಅಂತ. ಹಿಂದಿನ ದಿನ ಮರೆತು ಬಂದ ನನ್ನ ಕನ್ನಡಕ ಇನ್ನೂ ಅಲ್ಲೇ ಇರಬೇಕು."

ರಿಪೇರಿಯಮ್ಮ ಒಂದು ಸ್ಟೂಲ್ ಎಳೆದುಕೊಂಡು ಅವರ ಬಲಕ್ಕೆ, ಕಣ್ಣು ಕಾಣುವ ಬದಿಗೆ, ಕುಳಿತಳು.

"ಅಮ್ಮಾ, ಮನೆಯಿಂದ ಹೊರಡುವಾಗ ನೀವು 'ಹೋಗ್ತೀನಿ' ಅಂತೀರಾ?"

"ಛೆ, ಹಂಗೆಲ್ಲಾ ಅನ್ಬಾರ್ದು. ಹೋಗಿಬರ್ತೀನಿ ಅನ್ನಬೇಕು."

"ಇದೂ ಅಷ್ಟೇ ಅಮ್ಮ. ಲಾಕೌಟ್ ಅಂದ್ರೆ ಅವರು ನಿಮ್ಮನ್ನ ಹೋಗು ಅಂದಿದ್ದು. ಲಾಗೌಟ್ ಅಂದ್ರೆ ನೀವು ಹೋಗಿಬರ್ತೀನಿ ಅನ್ನೋದು."

ಅತ್ತಿಗೆ ಅವಳನ್ನು ನೋಡಿದರು, ಪರದೆಯನ್ನು ನೋಡಿದರು. "ಹೋಗಿಬರ್ತೀನಪ್ಪಾ" ಎಂದು ಯಂತ್ರಕ್ಕೆ ಹೇಳಿ ಒತ್ತಿಯೇಬಿಟ್ಟರು.

ಪರದೆ ಕಪ್ಪಾಗಿ, ಮತ್ತೆ ಬೆಳಕಾಗಿ, ನಡುವೆ ಅವರ ಹೆಸರು ಮಾತ್ರ ನಿಂತಿತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ನಾನು ಗಾಬರಿಯಾದೆ.

"ಪಾಸ್‌ವರ್ಡ್ ಇಲ್ಲ ಅಂದಿದ್ದೆಯಲ್ಲ!"

"ಇಡಲೇಬೇಕು ಅಂದಿದ್ದೆ. ನೀವು ಬೇಡ, ಬೇಡ ಅಂದ್ರಿ. ಅದನ್ನೇ ಇಟ್ಟೆ. ಒತ್ತಿ ಅಮ್ಮ, ಬೇಡಬೇಡ ಅಂತ, ನಡುವೆ ಜಾಗ ಬಿಡಬೇಡಿ."

ಕೆಳಗಿನ ಮೂಲೆಯಲ್ಲಿ ಹಲ್ಲಿನ ಚಕ್ರದಂಥ ಸಣ್ಣ ಗುರುತು ಇತ್ತು. ಒಳಗೆ ಹೋಗುವ ಮೊದಲು ಅದನ್ನು ಒತ್ತಬೇಕು ಅಂದಳು. ಒತ್ತಿದರೆ 'ಅಧಿವೇಶನ' ಎಂದು ಬರೆದು ಕೆಳಗೆ ಎರಡು ಹೆಸರು. ಸಂಘದವರು ಮೈಕು ಹಾಕಿಕೊಂಡು ಮಾಡುವುದಲ್ಲವೇ ಅಧಿವೇಶನ ಎಂದು ನಾನು ಕೇಳಿದೆ. "ಇಲ್ಲಿ ಕೋಣೆ ಆರಿಸೋದಕ್ಕೆ ಹಂಗಂತಾರೆ ಅಣ್ಣ" ಅಂದಳು ರಿಪೇರಿಯಮ್ಮ.

"ಎರಡನೇದು ನೋಡಿ, ಮಾಟೆ ಅಂತ ಇದೆ. ಅದೇ ನಿಮ್ಮ ಹಳೇದು."

"ಮಾಟಾನಾ?" ಎಂದು ನಾನು ಎದ್ದೆ. "ಮಾಟ ಗೀಟ ಎಲ್ಲಾ ನಮ್ಮ ಶೆಡ್ಡಲ್ಲಿ ಬೇಡಮ್ಮ!"

"ಸುಮ್ನೆ ಕೂತ್ಕೊಳ್ಳೋ" ಅಂದರು ಅತ್ತಿಗೆ. "ಮಾಟವಾದ ಪೆಟ್ಟಿಗೆ ಅನ್ನಲ್ವಾ ನಾವು, ಆ ಮಾಟ ಅಂದ್ಕೋ." ಅದರ ಮುಂದೆ ಚುಕ್ಕೆ ಇಟ್ಟು ಒಳಗೆ ಹೋದರು.

ಕೆಳಗಿನ ಪಟ್ಟಿ ಬಂತು. ದಪ್ಪ ಅಕ್ಷರ ಬಂದವು. ನಾಲ್ಕು ಚಿತ್ರಗಳು ತಮ್ಮ ತಮ್ಮ ಜಾಗದಲ್ಲಿ ಬಂದು ಕುಳಿತವು. ಅಕ್ಷರ, ಚಿತ್ರ ಎಲ್ಲವನ್ನೂ ಹೊಸದು ಹಾಕಿದ ದಿನವೇ ರಿಪೇರಿಯಮ್ಮ ಹಳೆಯ ಹಾಗೆಯೇ ಜೋಡಿಸಿಟ್ಟಿದ್ದಳು. ಅತ್ತಿಗೆ ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಮೌಸನ್ನು ಎಡಮೂಲೆಗೆ ಒಯ್ದು ಒತ್ತಿದರು. ಮೆನು ತೆರೆಯಿತು. ನನ್ನ ಹೆಂಡತಿ ಮುಖ ತಿರುಗಿಸಿ ಅಂಟನ್ನು ಸುಮ್ಮಸುಮ್ಮನೆ ಕಲಕಿದಳು.

"ನಾಳೆ ಬೆಳಗ್ಗೆ ಮತ್ತೆ ಆ ಮುಖ ಬಂದ್ರೆ?" ಅತ್ತಿಗೆ ಕೇಳಿದರು.

"ಬರಲ್ಲ. ಕೊನೇ ಸಲ ಯಾವುದನ್ನ ಆರಿಸ್ಕೊಂಡ್ರೋ ಅದನ್ನ ನೆನಪಿಟ್ಕೊಳ್ಳುತ್ತೆ. ಇನ್ಮೇಲೆ ಅದೇ ಡಿಫಾಲ್ಟ್."

"ಅಂದ್ರೆ?"

"ನೀವು ಬಾಯಿಬಿಟ್ಟು ಏನೂ ಹೇಳದಿದ್ರೂ ತಾನಾಗೇ ಬರೋದು."

"ಓ, ಗೊತ್ತಾಯ್ತು" ಎಂದು ಅತ್ತಿಗೆ ನನ್ನ ಕಡೆ ಬೆರಳು ತೋರಿದರು. "ಇವನ ಸಿಟ್ಟಿದ್ದಂಗೆ."

ಆರಿಸಿ ಹತ್ತಿಸಿ ನೋಡಿದೆವು. ಏನೂ ಕೇಳದೆ ಹಳೆಯ ಮುಖವೇ ಬಂತು. ಅತ್ತಿಗೆ ಅಷ್ಟಕ್ಕೆ ಬಿಡಲಿಲ್ಲ. ತಾವೇ ಹೊರಗೆ ಹೋಗಿ ಹೊಸದನ್ನು ಆರಿಸಿದರು, ಅದನ್ನು ಬೈದು ಮತ್ತೆ ಹೊರಗೆ ಬಂದು ಹಳೆಯದನ್ನು ಆರಿಸಿದರು. ಹೊಸ ಬೀಗಕ್ಕೆ ಕೀಲಿ ಹಾಕಿ ತೆಗೆದು ನೋಡುವವರ ಹಾಗೆ, ಪ್ರತಿ ಸಲವೂ ಯಂತ್ರಕ್ಕೆ ಹೇಳಿ ಹೋಗಿ ಹೇಳಿ ಬಂದರು. ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡುತ್ತ ನಿಂತಿದ್ದೆ.

ಟೀ ಕುಡಿಯುವಾಗ ರಿಪೇರಿಯಮ್ಮ ಇನ್ನೊಂದು ವಿಷಯ ಹೇಳಿದಳು. ಆ ಹಳೆಯ ಮುಖವನ್ನು ಮಾಡಿದವರೇ ಒಂದು ಕಾಲಕ್ಕೆ ಅದನ್ನು ಬಿಟ್ಟು ಹೊಸದಕ್ಕೆ ಹೋದರಂತೆ. ಆದರೆ ಹಳೆಯದೇ ಬೇಕು ಅನ್ನುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರಲ್ಲ, ಅವರು ಅದನ್ನು ಎತ್ತಿಕೊಂಡು, ತಮ್ಮ ಬಿಡುವಿನ ಹೊತ್ತಿನಲ್ಲಿ ತೇಪೆ ಹಾಕುತ್ತ, ಇವತ್ತಿಗೂ ನಡೆಸಿಕೊಂಡು ಬರುತ್ತಿದ್ದಾರಂತೆ.

"ಅವರ ಪೈಕಿ ಯಾರಿಗೋ ಒಂದು ಕಣ್ಣು ಕಾಣ್ತಿರಲಿಲ್ಲವೇನೋ" ಅಂದರು ಅತ್ತಿಗೆ.

ಅವರು ಯಾವ ದೇಶದವರೋ, ಏನು ತಿನ್ನುತ್ತಾರೋ, ಸಿಟ್ಟಿನವರೋ ಸಮಾಧಾನದವರೋ ನನಗೆ ಗೊತ್ತಿಲ್ಲ. ನಾನು ಸುಲಭಕ್ಕೆ ಯಾರ ಮುಂದೆಯೂ ತಲೆಬಾಗುವವನಲ್ಲ. ಆದರೆ ನಮ್ಮ ಅತ್ತಿಗೆ ಎದ್ದು ಬಂದು ಕುರ್ಚಿಯಲ್ಲಿ ಕುಳಿತದ್ದು ಅವರ ದೆಸೆಯಿಂದ, ಮತ್ತು ಬೈಸಿಕೊಂಡ ಮೇಲೂ ಬಾಗಿಲಿಗೆ ಬಂದ ಈ ಹೆಂಗಸಿನ ದೆಸೆಯಿಂದ. ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಅವಳ ಸ್ಕೂಟರಿನವರೆಗೂ ಹೋದೆ. ಬಾಯಿಗೆ ಬಂದದ್ದು, "ಹಿಂದಿನ ಟೈರು ಸವೆದಿದೆ, ಬದಲಾಯ್ಸಮ್ಮ, ಸಾಯ್ತೀಯಾ!" ಎಂಬ ಮಾತು. ಅವಳಿಗೆ ಅರ್ಥವಾಯಿತು. "ಆಗಲಣ್ಣ" ಎಂದು ನಕ್ಕು ಹೊರಟಳು.

ಬೇಕರಿಯವನ ಪೆಟ್ಟಿಗೆಯನ್ನು ಅತ್ತಿಗೆ ಅವತ್ತೇ ಮತ್ತೆ ಬರೆದರು. ಕತ್ತರಿಸಿ ಮಡಚಿ ಮುಚ್ಚಳ ಇಟ್ಟರೆ, ಅದು ಒಳಗಿನ ಗಾಳಿಯನ್ನು ಮೆಲ್ಲಗೆ ಹೊರಗೆ ಬಿಡುತ್ತ ತನ್ನ ಭಾರಕ್ಕೆ ತಾನೇ ಇಳಿದು ಕುಳಿತುಕೊಂಡಿತು. ನಾನು ಖುಷಿಯಿಂದ ಇನ್ನೇನು ಕೂಗಬೇಕು, ಅವರು ಕೈ ಎತ್ತಿ ತಡೆದರು.

"ಕುಣೀಬೇಡ. ಪರದೆ ಹಳೇದು ಬಂತು, ಕಣ್ಣು ಹಳೇದು ಬರಲ್ಲ. ಇದೂ ಒಂದಿನ ಮಂಕಾಗುತ್ತೆ. ಆಗ ನೀನು ಬೇರೆಯವರ ಕೈಕಾಯೋದು ನನಗೆ ಬೇಡ. ನಾಳೆಯಿಂದ ಮಧ್ಯಾಹ್ನ ನೀನು ಇಲ್ಲಿ ಕೂತ್ಕೋಬೇಕು."

"ನಾನಾ? ಆ ಡಬ್ಬಾದ ಮುಂದೆ?"

"ಹ್ಞೂ, ನೀನೇ. ನಾನು ಕಲಿತೆ ಅಂದ್ರೆ ಎಮ್ಮೆನೂ ಕಲಿಯುತ್ತೆ."

ಹಾಗೆ ಈಗ ಮಧ್ಯಾಹ್ನ ಅವರ ಕಣ್ಣಿಗೆ ಬಿಡುವು, ನನಗೆ ಪಾಠ. ಅವರು ಪಕ್ಕದಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಒರಗಿರುತ್ತಾರೆ. ಪರದೆಯನ್ನು ನೋಡದೆಯೇ, ನಾನು ಒತ್ತುವ ಸದ್ದಿನಲ್ಲೇ ನನ್ನ ತಪ್ಪು ಹಿಡಿಯುತ್ತಾರೆ. "ಕುಟ್ಟಬೇಡ, ಅದೇನು ಮೊಳೆಯಾ?" ಅನ್ನುತ್ತಾರೆ. "ಮುಚ್ಚಳಕ್ಕೆ ಜಾಗ ಬಿಟ್ಯಾ?" ಅನ್ನುತ್ತಾರೆ. ಎರಡು ಸಲ ನಾನು ಎದ್ದು ಹೋದೆ. ಎರಡು ಸಲವೂ ಬೀದಿಯ ಕೊನೆಯವರೆಗೆ ಹೋಗಿ, ಸಿಟ್ಟು ಇಳಿದು, ವಾಪಸು ಬಂದು ಕುಳಿತೆ. ಅವರು ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

ಹೋದ ವಾರ ನಾನು ಮೊದಲಿಂದ ಕೊನೆಯವರೆಗೆ ಒಬ್ಬನೇ ಬರೆದ ಪೆಟ್ಟಿಗೆಗಳು ಬೇಕರಿಗೆ ಹೋದವು. ಅತ್ತಿಗೆ ಒಂದನ್ನು ತೆಗೆದು ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿ ಕಟ್ಟಿನೊಳಗೆ ಸೇರಿಸಿದರು. ಬೇಕರಿಯವನು ಎಣಿಸಿಕೊಂಡು ಗಾಡಿಗೆ ಹಾಕಿಕೊಂಡು ಹೋದ, ಒಂದು ಮಾತೂ ಆಡಲಿಲ್ಲ. ನನಗೆ ಉರಿದುಹೋಯಿತು.

"ನೋಡಿದ್ರಾ ಅತ್ತಿಗೆ, ಚೆನ್ನಾಗಿದೆ ಅಂತ ಒಂದು ಮಾತು ಅನ್ನಬಾರ್ದಾ ಆ ಮನುಷ್ಯ?"

"ಪೆಟ್ಟಿಗೆ ಸರಿಯಿದ್ರೆ ಯಾರೋ ಅದನ್ನ ನೋಡ್ತಾರೆ? ಒಳಗಿನ ಕೇಕ್ ನೋಡ್ತಾರೆ" ಅಂದರು ಅತ್ತಿಗೆ. ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ನನಗೆ ಜಾಗ ಮಾಡಿದರು. "ಬಾ, ಇವತ್ತು ಕಿಟಕಿ ಕತ್ತರಿಸೋದು ಹೇಳಿಕೊಡ್ತೀನಿ."